ಸಿಗ್ನಲ್‌ನಲ್ಲಿ ಕುದಿಯುವ ಅಂಬಾಸಡರ್‌ಗೆ ಎಲೆಕ್ಟ್ರಿಕ್ ಫ್ಯಾನು ಮದ್ದೇ?

ಹಳೇ ಗಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಅಂಬಾಸಡರ್, ಪದ್ಮಿನಿಗಳ ಬೆಲ್ಟ್ ಫ್ಯಾನು (ರೇಡಿಯೇಟರ್ ತಣಿಸಲು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಫ್ಯಾನು) ಬಿಚ್ಚಿ ಎಲೆಕ್ಟ್ರಿಕ್ ಫ್ಯಾನು ಕೂರಿಸುವುದು ಹೇಗೆ, ಕೂರಿಸಿದ ಮೇಲೆ ಶುರುವಾದ ತಾಪತ್ರಯಕ್ಕೆ ಏನು ಮಾಡುವುದು. ಒಂದೇ ತೆರನಾದವನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 1972ರ ಅಂಬಾಸಡರ್ ಮಾರ್ಕ್ 2, 1489 ಸಿಸಿ ಪೆಟ್ರೋಲ್. ಮೈಸೂರು ರಸ್ತೆಯಲ್ಲಿ ಓಡಿಸುವಾಗ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಊರೊಳಗೆ ಎರಡು ಸಿಗ್ನಲ್ ನಿಂತರೆ ಸರ್ರನೆ ಏರಿ, ಕ್ಯಾಪಿನಿಂದ ನೀರು ಉಕ್ಕುತ್ತದೆ. ಮಾರುತಿ 800ರ ಫ್ಯಾನು ಹಾಕೋಣ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಬಹುದೇ? (ಓದುಗರು, ಬಸವನಗುಡಿ, ಬೆಂಗಳೂರು)

ಉತ್ತರ: ಓಡುವಾಗ ತಣ್ಣಗಿದ್ದು ನಿಂತಾಗ ಮಾತ್ರ ಬಿಸಿಯಾಗುತ್ತದೆ ಎಂದು ನೀವು ಬರೆದದ್ದರಲ್ಲೇ ಅರ್ಧ ಉತ್ತರವಿದೆ. ಗಂಟೆಗೆ 50–60 ಕಿ.ಮೀ. ದಾಟಿದ ಮೇಲೆ ಎದುರುಗಾಳಿಯೇ ರೇಡಿಯೇಟರ್‌ಗೆ ಸಾಕು, ಫ್ಯಾನಿಗೆ ಅಲ್ಲಿ ಕೆಲಸವಿಲ್ಲ. ನಿಂತಾಗಲಷ್ಟೇ ಬಿಸಿ ಎಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಇದೇ ಗಾಡಿ ಹೈವೇಯಲ್ಲೂ ಕುದಿಯುತ್ತಿದ್ದರೆ ಯಾವ ಫ್ಯಾನು ಹಾಕಿಸಿದರೂ ಗುಣವಾಗುತ್ತಿರಲಿಲ್ಲ. ಆಗ ದೋಷ ಕಟ್ಟಿಕೊಂಡ ರೇಡಿಯೇಟರಿನಲ್ಲೋ, ಹಿಂದೆ ಬಿದ್ದ ಟೈಮಿಂಗಿನಲ್ಲೋ (ಕಿಡಿ ಹಾರುವ ಹೊತ್ತು ತಡವಾಗುವುದು), ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇರುತ್ತದೆ.

ಆದರೂ ಫ್ಯಾನು ಕೊಳ್ಳುವ ಮೊದಲು ನಾಲ್ಕು ಕಡೆ ಕೈಹಾಕಿ ನೋಡಿ, ಯಾಕೆಂದರೆ ಈ ಗಾಡಿ ಕಾರ್ಖಾನೆಯಿಂದ ಹೊರಟಾಗ ಬೆಲ್ಟ್ ಫ್ಯಾನಿನಲ್ಲೇ ತಣ್ಣಗಿತ್ತು. ಮೊದಲನೆಯದು ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ಸಡಿಲವಿದ್ದರೆ ವಾಟರ್ ಪಂಪೂ ಫ್ಯಾನೂ ಎರಡೂ ಜಾರುತ್ತವೆ. ಎರಡನೆಯದು ರೇಡಿಯೇಟರ್. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಕೋರ್ (ಟ್ಯೂಬು, ಫಿನ್ನುಗಳಿರುವ ನಡುಭಾಗ) ಮೇಲೆ ಸಾಲುಸಾಲಾಗಿ ಅಳೆಯಿರಿ. ನಡುವೆ ತಣ್ಣಗಿನ ಪಟ್ಟೆಗಳು ಸಿಕ್ಕಿದರೆ ಅಲ್ಲಿನ ಟ್ಯೂಬು ಕಟ್ಟಿದೆ, ಟ್ಯಾಂಕ್ ಬಿಚ್ಚಿಸಿ ರಾಡ್ ಹೊಡೆಸಿ ಶುದ್ಧ ಮಾಡಿಸಬೇಕು. ಬೋರ್‌ವೆಲ್ ನೀರು ತುಂಬಿಸಿಕೊಂಡು ಬಂದ ಗಾಡಿಗಳಲ್ಲಿ ಇದು ಹೆಚ್ಚು. ಗೀಸರಿನೊಳಗೆ ಕೂರುವ ಬಿಳಿ ಗಸಿಯೇ ಇಲ್ಲೂ ಕೂರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಮೂರರಲ್ಲೊಂದು ಪಾಲು ಕೂಲಂಟ್ ಬೆರೆಸಿ ಹಾಕಿದರೆ ಈ ರಗಳೆ ಇಲ್ಲ.

ಮೂರನೆಯದು ಪ್ರೆಷರ್ ಕ್ಯಾಪು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪು ಹಿಡಿದಿಡುವ ಪ್ರತಿ ಪೌಂಡ್ ಒತ್ತಡಕ್ಕೆ ಕುದಿಬಿಂದು ಒಂದೂವರೆ ಡಿಗ್ರಿಯಷ್ಟು ಏರುತ್ತದೆ. ಕ್ಯಾಪಿನ ಮೇಲೆ 7 ಎಂದು ಇದ್ದು, ರಬ್ಬರೂ ಸ್ಪ್ರಿಂಗೂ ಸರಿಯಿದ್ದರೆ 108ರ ಆಸುಪಾಸಿನವರೆಗೆ ನೀರು ಕುದಿಯದು. ರಬ್ಬರು ಸುಕ್ಕಾಗಿದ್ದರೆ 97ಕ್ಕೇ ಉಕ್ಕುತ್ತದೆ, ನೀವು ಎಂಜಿನ್ ಕೆಟ್ಟಿತೆಂದು ಗಾಬರಿಯಾಗುತ್ತೀರಿ. ಹಾಗೆಂದು ಹೊಸ ಕಾರುಗಳ 13 ಪೌಂಡಿನ ಕ್ಯಾಪು ತಂದು ಹಾಕಬೇಡಿ. ಐವತ್ತು ವರ್ಷದ ಬೆಸುಗೆ ಆ ಒತ್ತಡಕ್ಕೆ ಬಾಯಿ ಬಿಡುತ್ತದೆ.

ನಾಲ್ಕನೆಯದು ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಕಾಂಟ್ಯಾಕ್ಟು. ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪು ಕಿರಿದಾಗುತ್ತದೆ, ಗ್ಯಾಪು ಕಿರಿದಾದರೆ ಟೈಮಿಂಗ್ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಟೈಮಿಂಗಿನಲ್ಲಿ ಐಡ್ಲಿಂಗ್‌ನಲ್ಲೇ ಎಂಜಿನ್ ಸುಡುತ್ತದೆ. ಫೀಲರ್ ಗೇಜಿನಲ್ಲಿ 14–16 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಅಂದರೆ 0.35ರಿಂದ 0.40 ಮಿ.ಮೀ. ಇಟ್ಟು ಆಮೇಲೆ ಟೈಮಿಂಗ್ ನೋಡಿ. ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರೆ ಹೊಸದು ಹಾಕಿಸಿ. ಅದಿಲ್ಲದೆ ಎಲೆಕ್ಟ್ರಿಕ್ ಫ್ಯಾನಿನ ಸ್ವಿಚ್ಚಿಗೆ ಲೆಕ್ಕವೇ ಸಿಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಕುದಿಯುತ್ತಿದ್ದರೆ ಫ್ಯಾನು ಹಾಕಿಸಿ. ಮಾರುತಿ 800ರದು 796 ಸಿಸಿ ಎಂಜಿನ್ನಿಗೆಂದು ಲೆಕ್ಕ ಹಾಕಿ ಮಾಡಿದ ಫ್ಯಾನು, ಬೆಲ್ಟ್ ಫ್ಯಾನಿಗೆ ಜೊತೆಯಾಗಿ ನಡೆದೀತೇ ಹೊರತು ಅದರ ಜಾಗಕ್ಕೆ ಸಾಲದು. ಬೆಲ್ಟ್ ಫ್ಯಾನು ಪೂರ್ತಿ ತೆಗೆಯುವುದಾದರೆ ಎಸ್ಟೀಮ್‌ನಂಥ 1300 ಸಿಸಿ ಕಾರಿನದು, ಸುಮಾರು 12 ಇಂಚಿನದು ಹುಡುಕಿ. ಅದರ ಶ್ರೌಡ್ (ಫ್ಯಾನನ್ನು ಸುತ್ತುವರಿದು ಕೋರನ್ನು ಮುಚ್ಚುವ ಕವಚ) ಸಮೇತವೇ ತನ್ನಿ. ಶ್ರೌಡ್ ಇಲ್ಲದ ಫ್ಯಾನು ತನ್ನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಉಳಿದ ಕೋರ್ ಸುಮ್ಮನೆ ನಿಂತಿರುತ್ತದೆ. ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ. ಗುಜರಿಯಲ್ಲಿ ಕೊಳ್ಳುವುದಾದರೆ ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಆಟವಿರಬಾರದು. ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕೂ ಬೇಡ. ಬ್ಯಾಟರಿಗೆ ಹಚ್ಚಿ ಕ್ಲಾಂಪ್ ಮೀಟರಿನಲ್ಲಿ ಕರೆಂಟು ಅಳೆಯಿರಿ. ಈ ಗಾತ್ರದವು 7ರಿಂದ 10 ಆಂಪ್ ಎಳೆಯುತ್ತವೆ. 14–15 ತೋರಿಸಿದರೆ ಬುಶ್ ಒಣಗಿದೆ, ಅಲ್ಲೇ ಬಿಟ್ಟು ಬನ್ನಿ.

ಕೂರಿಸುವಾಗ ಮುಖ್ಯ ಪ್ರಶ್ನೆ ಜಾಗದ್ದು. ಫ್ಯಾನು ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ ಕೂತರೆ ಉತ್ತಮ. ಬೆಲ್ಟ್ ಫ್ಯಾನು ಬಿಚ್ಚಿದ ಮೇಲೆ ಪುಲ್ಲಿಗೂ ಮೋಟಾರಿನ ಬೆನ್ನಿಗೂ ಕನಿಷ್ಠ 20 ಮಿ.ಮೀ. ಅಂತರ ಉಳಿಯಬೇಕು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ನಿಂತಿದೆ, ಬ್ರೇಕ್ ಒತ್ತಿದಾಗ ಮುಂದಕ್ಕೆ ತೂಗುತ್ತದೆ. ಆ ಸಂದಿಯಲ್ಲಿ ಟೇಪು ಹಿಡಿದು ಅಳೆಯಲಾಗುವುದಿಲ್ಲ. ಚಪಾತಿ ಹಿಟ್ಟಿನ ಉಂಡೆಯೊಂದನ್ನು ಪುಲ್ಲಿಯ ಮೂತಿಗೆ ಅಂಟಿಸಿ, ಫ್ಯಾನು ಕಟ್ಟಿದ ರೇಡಿಯೇಟರನ್ನು ಜಾಗಕ್ಕೆ ಇಳಿಸಿ, ಮತ್ತೆ ಮೇಲೆತ್ತಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ನಿಮ್ಮ ಅಂತರ. ಸಾಲದಿದ್ದರೆ ಫ್ಯಾನನ್ನು ಪಕ್ಕಕ್ಕೆ ಸರಿಸಿ, ಮೋಟಾರು ಪುಲ್ಲಿಯ ಎದುರಿಗೇ ಬರಬೇಕೆಂದೇನಿಲ್ಲ.

ಫ್ಯಾನನ್ನು 25 x 3 ಮಿ.ಮೀ. ಕಬ್ಬಿಣದ ಪಟ್ಟಿಯ ಮೇಲೆ, ರಬ್ಬರ್ ಬುಶ್ ಕೊಟ್ಟು, ರೇಡಿಯೇಟರಿನ ಪಕ್ಕದ ಚೌಕಟ್ಟಿಗೆ ಬಿಗಿಯಿರಿ. ಕೋರಿನ ಫಿನ್ನುಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವ ಪದ್ಧತಿಯೊಂದಿದೆ, ಅರ್ಧ ಗಂಟೆಯ ಕೆಲಸ. ಕೆಲವು ತಿಂಗಳಲ್ಲಿ ಆ ಟೈ ಅಲುಗಾಡಿ ಟ್ಯೂಬನ್ನು ಗರಗಸದಂತೆ ಕೊಯ್ಯುತ್ತದೆ. ಇನ್ನೊಂದು ಎಚ್ಚರ: ಬೆಲ್ಟ್ ಫ್ಯಾನನ್ನೂ ಪುಲ್ಲಿಯನ್ನೂ ಹಿಡಿದಿರುವುದು ಒಂದೇ ನಾಲ್ಕು ಬೋಲ್ಟುಗಳು. ಫ್ಯಾನು ತೆಗೆದು ಅದೇ ಬೋಲ್ಟುಗಳನ್ನು ಬಿಗಿದರೆ ಫ್ಯಾನಿನ ದಪ್ಪದಷ್ಟು ಒಳಗೆ ಹೋಗಿ ಪಂಪಿನ ಬಾಡಿಗೆ ತಾಗುತ್ತವೆ. ಅಷ್ಟು ಗಿಡ್ಡದ ಬೋಲ್ಟು ತನ್ನಿ, ಇಲ್ಲವೇ ಆ ದಪ್ಪಕ್ಕೆ ವಾಷರ್ ಕೊಡಿ. ಹಳೇ ಫ್ಯಾನನ್ನೂ ಬೋಲ್ಟುಗಳನ್ನೂ ಡಿಕ್ಕಿಯಲ್ಲಿಡಿ, ಮೋಟಾರು ದಾರಿಯಲ್ಲಿ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು.

ವೈರಿಂಗ್ ಹೀಗೆ. ಬ್ಯಾಟರಿಯ ಲೈವ್ ಕಡೆಯಿಂದ (ಬಾಡಿಗೆ ಸೇರದ ಕಂಬ) 4 ಚದರ ಮಿ.ಮೀ. ವೈರು, ಒಂದು ಗೇಣಿನೊಳಗೆ 20 ಆಂಪಿನ ಫ್ಯೂಸು, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು, ಕಾಲುಗಳ ಮೇಲೆ ನಂಬರಿರುತ್ತದೆ) 30ಕ್ಕೆ. 87ರಿಂದ ಫ್ಯಾನಿಗೆ, ಫ್ಯಾನಿನ ಇನ್ನೊಂದು ವೈರು ಬಣ್ಣ ಕೆರೆದ ಬಾಡಿಗೆ. 86ಕ್ಕೆ ಇಗ್ನಿಷನ್ ಕೀ ಹಾಕಿದಾಗ ಬರುವ ಕರೆಂಟು. ಲೂಕಾಸ್ ಮಾದರಿಯ ಹಳೇ ಫ್ಯೂಸ್ ಬಾಕ್ಸ್ ಇದ್ದರೆ ಎ4 ಟರ್ಮಿನಲ್ಲಿನಲ್ಲಿ ಅದು ಸಿಗುತ್ತದೆ. 85ರಿಂದ ಥರ್ಮೋ ಸ್ವಿಚ್ಚಿಗೆ (ನೀರಿನ ಬಿಸಿ ನೋಡಿ ತಾನೇ ಆನ್, ಆಫ್ ಆಗುವ ಸ್ವಿಚ್ಚು), ಸ್ವಿಚ್ಚಿನಿಂದ ಅರ್ಥಿಗೆ, ಅಂದರೆ ಗಾಡಿಯ ಬಾಡಿಗೆ. 85ಕ್ಕೇ ಇನ್ನೊಂದು ವೈರು ಕೊಟ್ಟು ಡ್ಯಾಶ್ ಕೆಳಗೊಂದು ಸಾದಾ ಸ್ವಿಚ್ ಮೂಲಕ ಅರ್ಥಿಗೆ ತಂದರೆ, ಥರ್ಮೋ ಸ್ವಿಚ್ ಕೆಟ್ಟ ದಿನ ಕೈಯಿಂದಲೇ ಹಾಕಿಕೊಳ್ಳಬಹುದು. 9 ಆಂಪಿನ ಫ್ಯಾನಿಗೆ 20ರ ಫ್ಯೂಸೇಕೆ ಎಂದು ಕೇಳುವವರಿದ್ದಾರೆ. ತಿರುಗಲು ಶುರುವಾಗುವ ಕ್ಷಣದಲ್ಲಿ ಮೋಟಾರು ಎರಡು ಮೂರು ಪಟ್ಟು ಎಳೆಯುತ್ತದೆ, 10ರ ಫ್ಯೂಸು ತಾಳುವುದಿಲ್ಲ.

ಇಷ್ಟು ಮಾಡಿಸುವ ಮೊದಲು ನಿಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು ಹಳೇ ಬಗೆಯ ಡೈನಮೋನೋ ಹೊಸ ಬಗೆಯ ಆಲ್ಟರ್ನೇಟರೋ ನೋಡಿ. ಡೈನಮೋ ಎಂದಾದರೆ ಕೆಳಗಿನ ಚಿಕ್ಕಮಗಳೂರಿನ ಪತ್ರ ಓದದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಪ್ರಶ್ನೆ: 1982ರ ಪ್ರೀಮಿಯರ್ ಪದ್ಮಿನಿಗೆ ಫ್ಯಾನು, ರಿಲೇ, 92–87 ಡಿಗ್ರಿಯ (92ಕ್ಕೆ ಆನ್, 87ಕ್ಕೆ ಆಫ್) ಥರ್ಮೋ ಸ್ವಿಚ್ ಹಾಕಿಸಿದೆವು. ಬೆಳಿಗ್ಗೆ ತಣ್ಣಗಿರುವಾಗ ಕೀ ತಿರುಗಿಸಿದೊಡನೆ ಫ್ಯಾನು ತಿರುಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಂತುಬಿಡುತ್ತದೆ! ಸ್ವಿಚ್ ಉಲ್ಟಾ ಬಂದಿದೆ ಎನ್ನುತ್ತಾರೆ ಗ್ಯಾರೇಜಿನವರು. ಎರಡು ಸ್ವಿಚ್ ಬದಲಿಸಿದ್ದಾಯಿತು. (ಓದುಗರು, ದಾವಣಗೆರೆ)

ಉತ್ತರ: ಸ್ವಿಚ್ಚಿನದು ತಪ್ಪಿಲ್ಲ. ನಿಮಗೆ ಐದು ಕಾಲಿನ ರಿಲೇ ಕೊಟ್ಟಿದ್ದಾರೆ, ಫ್ಯಾನಿನ ವೈರನ್ನು ನಡುವಿನ 87ಎ ಕಾಲಿಗೆ ಸಿಕ್ಕಿಸಿದ್ದಾರೆ. ರಿಲೇಗೆ ಕೆಲಸವಿಲ್ಲದಾಗ 30ರ ಕರೆಂಟು 87ಎಗೆ ಹೋಗುತ್ತದೆ. ಸ್ವಿಚ್ ಬಿಸಿಯಾಗಿ ರಿಲೇ ಎಳೆದುಕೊಂಡಾಗ ಅಲ್ಲಿ ಕಡಿದು 87ಕ್ಕೆ ಹಾಯುತ್ತದೆ. ಹಾಗಾಗಿ ತಣ್ಣಗಿರುವಾಗ ಫ್ಯಾನು, ಬಿಸಿಯಾದಾಗ ವಿಶ್ರಾಂತಿ. ವೈರನ್ನು ಅಂಚಿನ 87ಕ್ಕೆ ಬದಲಿಸಿ, ನಡುವಿನ ಕಾಲು ಖಾಲಿ ಬಿಡಿ.

ನಿಮ್ಮ ಪತ್ರದಲ್ಲಿ ಇನ್ನೊಂದು ದೋಷವೂ ಅಡಗಿದೆ. 30ಕ್ಕೆ ಬ್ಯಾಟರಿಯಿಂದ ನೇರ ಲೈನ್ ಕೊಟ್ಟಿದ್ದರೆ ಈ ತಪ್ಪು ಜೋಡಣೆಯಲ್ಲಿ ಕೀ ತೆಗೆದ ಮೇಲೂ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ನಿಮ್ಮದು ಕೀ ಹಾಕಿದಾಗ ಮಾತ್ರ ತಿರುಗುತ್ತಿದೆ, ಅಂದರೆ 30ರ ಕರೆಂಟನ್ನೂ ಇಗ್ನಿಷನ್ ಸ್ವಿಚ್ಚಿನಿಂದಲೇ ತೆಗೆದಿದ್ದಾರೆ. ನಲವತ್ತು ವರ್ಷದ ಆ ಸ್ವಿಚ್ಚಿನ ಪುಟ್ಟ ಕಾಂಟ್ಯಾಕ್ಟಿನ ಮೇಲೆ ಹತ್ತು ಆಂಪ್ ಹೇರಿದರೆ ಒಂದು ದಿನ ಸುಡುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ರಿಲೇ ಇರುವುದೇ ಆ ಭಾರ ತಪ್ಪಿಸಲಿಕ್ಕೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸು ಹಾಕಿ ಬೇರೆ ಲೈನ್ ಎಳೆಸಿ, ಕೀಯ ಕರೆಂಟು 86ಕ್ಕೆ ಮಾತ್ರ ಇರಲಿ.

ಬಿಚ್ಚಿಟ್ಟ ಎರಡು ಸ್ವಿಚ್ಚುಗಳನ್ನು ಎಸೆಯಬೇಡಿ, ಒಲೆಯ ಮೇಲೆ ಪರೀಕ್ಷಿಸಿ. ಹಳೇ ಪಾತ್ರೆಯಲ್ಲಿ ನೀರಿಟ್ಟು ಸ್ವಿಚ್ಚಿನ ಹಿತ್ತಾಳೆ ಭಾಗ ಮಾತ್ರ ಮುಳುಗುವಂತೆ ತಂತಿಯಲ್ಲಿ ತೂಗುಬಿಡಿ, ಪಕ್ಕದಲ್ಲೊಂದು ಥರ್ಮಾಮೀಟರ್. ಬ್ಯಾಟರಿಯಿಂದ ಟೆಸ್ಟ್ ಲ್ಯಾಂಪನ್ನು ಸ್ವಿಚ್ ಮೂಲಕ ಹಾಯಿಸಿ. ದೀಪ 92ರ ಹತ್ತಿರ ಹೊತ್ತಬೇಕು. ಒಲೆ ಆರಿಸಿ ನೀರು ಆರುತ್ತಾ ಬಂದಂತೆ 87ರ ಹತ್ತಿರ ನಂದಬೇಕು. ದೀಪ ಯಾವಾಗಲೂ ಉರಿಯುತ್ತಲೇ ಇದ್ದರೆ ಒಳಗಿನ ಕಾಂಟ್ಯಾಕ್ಟು ಬೆಸೆದುಕೊಂಡಿದೆ. ರಿಲೇ ಇಲ್ಲದೆ ಫ್ಯಾನಿನ ಪೂರ್ತಿ ಕರೆಂಟನ್ನು ಸ್ವಿಚ್ಚಿನ ಮೇಲೇ ಹಾಯಿಸಿದವರ ಗಾಡಿಯಲ್ಲಿ ಹೀಗಾಗುವುದು ಸಾಮಾನ್ಯ.

ಡಿಗ್ರಿ ಆರಿಸುವುದಕ್ಕೊಂದು ಲೆಕ್ಕವಿದೆ. ಸ್ವಿಚ್ ಮೇಲಿನ ಹೋಸಿನಲ್ಲಿದ್ದರೆ ಅದರ ಆಫ್ ಆಗುವ ಡಿಗ್ರಿ ಥರ್ಮೋಸ್ಟಾಟ್ ತೆರೆಯುವ ಡಿಗ್ರಿಗಿಂತ ಮೇಲಿರಬೇಕು. 82ರ ಥರ್ಮೋಸ್ಟಾಟಿಗೆ 92–87 ಸರಿ. ಅದೇ 82ಕ್ಕೆ 77ರಲ್ಲಿ ಆಫ್ ಆಗುವ ಸ್ವಿಚ್ ಹಾಕಿದರೆ ನೀರು ಆ ಮಟ್ಟಕ್ಕೆ ಇಳಿಯಲು ಥರ್ಮೋಸ್ಟಾಟೇ ಬಿಡದು, ಫ್ಯಾನಿಗೆ ನಿಲುಗಡೆಯೇ ಇಲ್ಲ. ರೇಡಿಯೇಟರಿನ ಕೆಳಗಿನ ಟ್ಯಾಂಕಿನಲ್ಲಿ ಕೂರಿಸುವುದಾದರೆ ಅಲ್ಲಿ ನೀರು ಸಾಮಾನ್ಯವಾಗಿ 5–10 ಡಿಗ್ರಿ ತಣ್ಣಗಿರುತ್ತದೆ, ಸ್ವಿಚ್ಚೂ ಅಷ್ಟು ಕಡಿಮೆಯದಿರಲಿ. ಹೋಸನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ತುಂಡು ಸೇರಿಸಿದ್ದರೆ ಆ ತುಂಡಿಗೆ ಪ್ರತ್ಯೇಕ ಅರ್ಥ್ ವೈರು ಬೇಕು. ಎರಡೂ ಕಡೆ ರಬ್ಬರ್ ಇರುವುದರಿಂದ ಒಂದೇ ಟರ್ಮಿನಲ್ಲಿನ ಸ್ವಿಚ್ಚಿಗೆ ಅರ್ಥ್ ಸಿಗದೆ ಫ್ಯಾನು ಜಪ್ಪಯ್ಯ ಎಂದರೂ ತಿರುಗುವುದಿಲ್ಲ.

ಪ್ರಶ್ನೆ: ಹಳೇ ಅಂಬಾಸಡರ್, ಇನ್ನೂ ಡೈನಮೋ ಇದೆ, ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿದೆ. ಎಲೆಕ್ಟ್ರಿಕ್ ಫ್ಯಾನು ಹಾಕಿಸಿದ ಮೇಲೆ ವಾರಕ್ಕೊಮ್ಮೆ ಬ್ಯಾಟರಿ ಡೌನ್. ರಾತ್ರಿ ಫ್ಯಾನು ತಿರುಗಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮೊದಲಿಗಿಂತ ಹೆಚ್ಚು ಬಿಸಿಯೂ ಆಗುತ್ತಿದೆ. (ಓದುಗರು, ಚಿಕ್ಕಮಗಳೂರು)

ಉತ್ತರ: ಜಮಾ ಖರ್ಚು ಹಾಕಿ ನೋಡೋಣ. ಲೂಕಾಸ್ ಸಿ40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪ್, ಅದಕ್ಕೂ ಹಳೆಯ ಸಿ39 ಆದರೆ 19. ಹೆಡ್‌ಲೈಟಿಗೆ ಏಳೂವರೆ, ಪಾರ್ಕಿಂಗ್, ಹಿಂದಿನ ದೀಪ ಸೇರಿ ಎರಡೂವರೆ, ಇಗ್ನಿಷನ್ ಕಾಯಿಲಿಗೆ ಮೂರೂವರೆ, ಮಳೆಯಿದ್ದರೆ ವೈಪರಿಗೆ ಎರಡೂವರೆ. ಅಲ್ಲಿಗೆ 16. ಫ್ಯಾನಿನ 9 ಸೇರಿದರೆ 25. ಡೈನಮೋ ಪೂರ್ತಿ ವೇಗದಲ್ಲಿ ತಿರುಗಿದರೂ ಮೂರು ಆಂಪ್ ಸಾಲ.

ಐಡ್ಲಿಂಗ್‌ನಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಆ ವೇಗದಲ್ಲಿ ಡೈನಮೋ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ, ಡೈನಮೋವನ್ನು ಬ್ಯಾಟರಿಯಿಂದ ಬೇರ್ಪಡಿಸುವ ಕಟೌಟ್ ತೆರೆದುಕೊಂಡು ಎಲ್ಲ ಹೊರೆಯೂ ಬ್ಯಾಟರಿಯ ಮೇಲೆ. ಫ್ಯಾನು ತಿರುಗುವುದೂ ನಿಂತಾಗಲೇ! ರಾತ್ರಿ ಒಂದು ಗಂಟೆ ಜಾಮಿನಲ್ಲಿ ನಿಂತರೆ 22–23 ಆಂಪ್ ಅವರ್ ಖಾಲಿ. ಆಮೇಲೆ ಫ್ಯಾನು ನಿಂತು ಗಾಡಿ ಓಡಿದರೂ ದೀಪ, ಕಾಯಿಲ್ ಕಳೆದು ಬ್ಯಾಟರಿಗೆ ಉಳಿಯುವುದು ಎಂಟೂವರೆ ಆಂಪ್. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಮೂರು ಗಂಟೆ ಓಡಿಸಬೇಕು. ನೀವು ತೋಟದಿಂದ ಪೇಟೆಗೆ ಹೋಗಿ ಬರುವವರು, ಆ ಮೂರು ಗಂಟೆ ಸಿಗುವುದೇ ಇಲ್ಲ.

ಘಾಟಿಯ ಬಿಸಿಗೆ ಕಾರಣ ಬೇರೆ. ಎರಡನೇ ಗೇರಿನಲ್ಲಿ ಹತ್ತುವಾಗ ಎದುರುಗಾಳಿ ಕಡಿಮೆ, ಎಂಜಿನ್ ವೇಗ ಹೆಚ್ಚು. ಬೆಲ್ಟ್ ಫ್ಯಾನು ಎಂಜಿನ್ ಜೊತೆಗೇ ಜೋರಾಗುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ ಒಂದೇ ವೇಗ, ಅದೂ ವೋಲ್ಟೇಜ್ ಕುಸಿದಾಗ ಇನ್ನೂ ನಿಧಾನ. ಮಲೆನಾಡಿನಲ್ಲಿ ಓಡುವ ಗಾಡಿಗೆ ಬೆಲ್ಟ್ ಫ್ಯಾನೇ ಸೈ ಎಂಬುದು ನಮ್ಮ ಅಭಿಪ್ರಾಯ. ಅದನ್ನೇ ಮತ್ತೆ ಹಾಕಿಸಿ, ತಗಡಿನ ಶ್ರೌಡ್ ಮಾಡಿಸಿ, ರೇಡಿಯೇಟರ್ ಶುದ್ಧ ಮಾಡಿಸಿ. ಖರ್ಚೂ ಕಡಿಮೆ.

ಎಲೆಕ್ಟ್ರಿಕ್ ಫ್ಯಾನು ಬೇಕೇ ಬೇಕೆಂದರೆ 35–45 ಆಂಪಿನ ಆಲ್ಟರ್ನೇಟರ್ ಹಾಕಿಸಬೇಕು. ಸಾಮಾನ್ಯವಾಗಿ ಸಿಗುವ ಆಲ್ಟರ್ನೇಟರುಗಳು ಮೈನಸ್ ಅರ್ಥಿನವು, ಪ್ಲಸ್ ಅರ್ಥಿನ ಗಾಡಿಗೆ ಹಾಗೇ ಜೋಡಿಸಿದರೆ ಡಯೋಡ್ ಆ ಕ್ಷಣವೇ ಸುಡುತ್ತದೆ. ಮೊದಲು ಬ್ಯಾಟರಿಯನ್ನು ತಿರುಗಿಸಿ ಮೈನಸ್ಸನ್ನು ಬಾಡಿಗೆ ತನ್ನಿ. ಪ್ಲಸ್ ಕಂಬ ದಪ್ಪ, ಮೈನಸ್ ಸಣ್ಣ, ಹಾಗಾಗಿ ಕ್ಲಾಂಪುಗಳೂ ಬದಲಾಗಬೇಕು. ಇಗ್ನಿಷನ್ ಕಾಯಿಲಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಆಮ್ಮೀಟರ್ (ಕರೆಂಟು ತೋರಿಸುವ ಮೀಟರ್) ಇದ್ದರೆ ಅದರದ್ದೂ, ಫ್ಯಾನಿನದ್ದೂ. ರೇಡಿಯೋ ಇದ್ದರೆ ಮೊದಲೇ ಕಳಚಿಡಿ. ರೆಗ್ಯುಲೇಟರ್ ಬಾಕ್ಸಿಗೆ ಇನ್ನು ಕೆಲಸವಿಲ್ಲ. ಡೈನಮೋದ ಹಳೇ ದಪ್ಪ ವೈರು 22 ಆಂಪಿಗೆ ಲೆಕ್ಕ ಹಾಕಿದ್ದು, ಆದ್ದರಿಂದ ಆಲ್ಟರ್ನೇಟರಿನಿಂದ ಸ್ಟಾರ್ಟರ್ ಸೊಲೆನಾಯಿಡ್ಡಿನ ಬ್ಯಾಟರಿ ಬೋಲ್ಟಿಗೆ 6 ಚದರ ಮಿ.ಮೀ. ಹೊಸ ವೈರು ಎಳೆಸಿ. ಕೀ ಹಾಕಿದಾಗ ಡ್ಯಾಶಿನ ಕೆಂಪು ಚಾರ್ಜಿಂಗ್ ದೀಪ ಹೊತ್ತಲೇಬೇಕು. ಆ ದೀಪದ ಮೂಲಕ ಹಾಯುವ ಅಲ್ಪ ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರಗೊಳ್ಳುವುದು.

ಆಮ್ಮೀಟರ್ ಉಳಿಸಿಕೊಂಡು ಆಲ್ಟರ್ನೇಟರಿನ ಕರೆಂಟನ್ನು ಅದರ ಮೂಲಕವೇ ಬ್ಯಾಟರಿಗೆ ಹಾಯಿಸುವವರಿಗೆ ಒಂದು ಮಾತು. ಫ್ಯಾನಿನ ಕರೆಂಟನ್ನು ಬ್ಯಾಟರಿಯ ಕಂಬದಿಂದ ತೆಗೆದರೆ, ಆಲ್ಟರ್ನೇಟರ್ ಫ್ಯಾನಿಗೆ ಕಳಿಸುವುದೂ ಮೀಟರಿನ ಮೂಲಕವೇ ಹಾದು ‘ಚಾರ್ಜ್’ ಎಂದು ತೋರಿಸುತ್ತದೆ. ಮೀಟರಿನ ಆಲ್ಟರ್ನೇಟರ್ ಕಡೆಯಿಂದ ತೆಗೆದರೆ ಮುಳ್ಳು ಬ್ಯಾಟರಿಯ ನಿಜ ಹೇಳುತ್ತದೆ.

ಪ್ರಶ್ನೆ: ಪದ್ಮಿನಿಯ ರೇಡಿಯೇಟರ್ ಹಿಂದೆ ಜಾಗ ಸಾಲದೆ ಮಾರುತಿ 800ರ ಫ್ಯಾನನ್ನು ಮುಂದೆ, ಗ್ರಿಲ್ಲಿನ ಒಳಗೆ ಕಟ್ಟಿದ್ದಾರೆ. ಜೋರಾಗಿ ತಿರುಗುತ್ತದೆ, ಆದರೆ ಬಿಸಿ ಮೊದಲಿಗಿಂತ ಜಾಸ್ತಿ. (ಓದುಗರು, ಮಂಗಳೂರು)

ಉತ್ತರ: ಊದುಬತ್ತಿ ಹಚ್ಚಿ ಗ್ರಿಲ್ಲಿನ ಮುಂದೆ ಹಿಡಿಯಿರಿ. ಹೊಗೆ ಒಳಗೆ ಹೋಗುತ್ತದೋ, ನಿಮ್ಮ ಮುಖಕ್ಕೆ ಬರುತ್ತದೋ? ಬಹುಶಃ ಮುಖಕ್ಕೇ. ಮಾರುತಿಯಲ್ಲಿ ಆ ಫ್ಯಾನು ರೇಡಿಯೇಟರಿನ ಹಿಂದೆ ನಿಂತು ಗಾಳಿಯನ್ನು ತನ್ನತ್ತ ಎಳೆಯುವಂಥದ್ದು. ಅದನ್ನೇ ಮುಂದೆ ತಂದು ರೇಡಿಯೇಟರಿಗೆ ಮುಖ ಮಾಡಿ ಕಟ್ಟಿದರೆ ಎಂಜಿನ್ನಿನ ಬಿಸಿಗಾಳಿಯನ್ನು ಹೊರಕ್ಕೆಳೆಯುತ್ತದೆ. ಓಡುವಾಗ ಎದುರುಗಾಳಿಯ ಜೊತೆ ಜಗಳಕ್ಕೆ ಬೀಳುತ್ತದೆ.

ವೈರು ಅದಲುಬದಲು ಮಾಡಿದರೆ ಮೋಟಾರು ಉಲ್ಟಾ ತಿರುಗಿ ಗಾಳಿಯ ದಿಕ್ಕೇನೋ ಸರಿಯಾಗುತ್ತದೆ. ಆದರೆ ರೆಕ್ಕೆಯ ಬಾಗು ಈಗ ಹಿಂದುಮುಂದಾಗಿದೆ, ಗಾಳಿ ಬಹಳ ಕಡಿಮೆ. ರೆಕ್ಕೆಯ ತಗ್ಗಾದ ಮೈ ಗಾಳಿ ಹೋಗಬೇಕಾದ ಕಡೆಗೇ ಇರಬೇಕು, ಸೌಟಿನಿಂದ ಬಡಿಸಿದ ಹಾಗೆ. ಮುಂದೆ ಕಟ್ಟಿದ ಫ್ಯಾನಿಗೆ ಅದು ರೇಡಿಯೇಟರಿನ ಕಡೆ. ಹಾಗಾಗಿ ರೆಕ್ಕೆಯನ್ನು ಶಾಫ್ಟಿನಿಂದ ಬಿಚ್ಚಿ ಮಗುಚಿ ಹಾಕಬೇಕು, ವೈರನ್ನೂ ಬದಲಿಸಬೇಕು, ಎರಡೂ ಆಗಬೇಕು. ರೆಕ್ಕೆ ಮಾತ್ರ ಮಗುಚಿದರೆ ಗಾಳಿಯ ದಿಕ್ಕು ಬದಲಾಗದು, ಇದು ಎಷ್ಟೋ ಜನ ಎಡವುವ ಜಾಗ. ಹಬ್ಬಿನ ಆಕಾರದಿಂದ ಮಗುಚಲು ಬಾರದಿದ್ದರೆ ಮುಂದೆ ಕೂರಿಸಲಿಕ್ಕೆಂದೇ ಮಾಡಿದ, ನೂಕುವ ಬಗೆಯ ಫ್ಯಾನು ಕೊಳ್ಳಿ.

ಅದು ಸರಿಯಾದರೂ ಮುಂದಿನ ಫ್ಯಾನು ಓಡುವಾಗ ರೇಡಿಯೇಟರಿಗೆ ಅಡ್ಡವೇ. ಅದಕ್ಕೇ ಹಿಂದಿನ ಬೆಲ್ಟ್ ಫ್ಯಾನು ತೆಗೆಸಿದ್ದರೆ ಮತ್ತೆ ಹಾಕಿಸಿ, ಮುಂದಿನದು ಸಿಗ್ನಲ್ಲಿಗೆ ಮಾತ್ರ ಸಹಾಯಕ್ಕಿರಲಿ. ಕಡಲ ತೀರದ ಊರಾದ್ದರಿಂದ ರಿಲೇಯ ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿಸಿ, ಕನೆಕ್ಟರುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಪ್ರಶ್ನೆ: 1960ರ ದಶಕದ ಅಂಬಾಸಡರನ್ನು ವಿಂಟೇಜ್ ಎಂದು ನೋಂದಾಯಿಸುವ ಯೋಚನೆ. ಎಲೆಕ್ಟ್ರಿಕ್ ಫ್ಯಾನು ತೊಡಕಾದೀತೇ? (ಓದುಗರು, ಮೈಸೂರು)

ಉತ್ತರ: 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ದೊಡ್ಡ ಪ್ರಮಾಣದಲ್ಲಿ ಬದಲಾಗಿರಬಾರದು. ಬೋಲ್ಟಿನಲ್ಲಿ ಕೂತ ಫ್ಯಾನು ಆ ಮೂರರಲ್ಲಿ ಯಾವುದೂ ಅಲ್ಲ. ಆದರೂ ಬಾಡಿಗೆ ಹೊಸ ತೂತು ಕೊರೆಸಬೇಡಿ, ಮೂಲ ವೈರಿಂಗ್ ಕತ್ತರಿಸಬೇಡಿ, ಎಲ್ಲವನ್ನೂ ಬಿಚ್ಚಿ ಹಿಂದಿನಂತೆ ಮಾಡುವ ಹಾಗಿರಲಿ. ರ್‍ಯಾಲಿಗಳ ತೀರ್ಪುಗಾರರ ಕಣ್ಣಿಗೆ ಮಾತ್ರ ಅದು ಬಿದ್ದೇ ಬೀಳುತ್ತದೆ, ಅಂಕ ಬೇಕಿದ್ದರೆ ಅಂದಿಗೆ ಬಿಚ್ಚಿಡಿ. ಇನ್ನೊಂದು: ವಿಂಟೇಜ್ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಹಾಗಾದರೆ ಸಿಗ್ನಲ್ಲಿನ ಚಿಂತೆಯೂ ಅರ್ಧ ಕಡಿಮೆ! ಅಂಬಾಸಡರಿನ ಎಂಜಿನ್ ಕುಟುಂಬಕ್ಕೇ ಸೇರಿದ ಇಂಗ್ಲೆಂಡಿನ ಎಂಜಿಬಿ ಕಾರಿಗೆ ತಯಾರಕರೇ 1976ರ ಕೊನೆಗೆ ಎಲೆಕ್ಟ್ರಿಕ್ ಫ್ಯಾನು ಹಾಕಿದರು. ಆದರೆ ಅದಕ್ಕೆಂದು ರೇಡಿಯೇಟರನ್ನೇ ಮುಂದಕ್ಕೆ ಸರಿಸಿದ್ದರು.

ಪ್ರಶ್ನೆ: ಫ್ಯಾನಿನ ಫ್ಯೂಸು ಹೋಗುವುದಿಲ್ಲ, ಆದರೆ ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಕರಗುತ್ತದೆ. ಮೂರನೇ ಸಲ ಆಯಿತು. 30ರ ಫ್ಯೂಸು ಹಾಕಲೇ? (ಓದುಗರು, ಹುಬ್ಬಳ್ಳಿ)

ಉತ್ತರ: ಖಂಡಿತ ಬೇಡ. ಫ್ಯೂಸು ಹೋಗುತ್ತಿಲ್ಲ ಎಂದರೆ ಕರೆಂಟು ಅತಿಯಾಗಿಲ್ಲ. ಫ್ಯೂಸಿನ ಕಾಲನ್ನು ಕ್ಲಿಪ್ ಬಿಗಿಯಾಗಿ ಹಿಡಿದಿಲ್ಲ, ಆ ಸಡಿಲ ಜಾಗವೇ ಕಾಯುತ್ತಿದೆ. ಫ್ಯಾನು ತಿರುಗುತ್ತಿರುವಾಗ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಕಂಬಗಳ ಮೇಲೊಮ್ಮೆ, ಫ್ಯಾನಿನ ಎರಡು ವೈರುಗಳ ಮೇಲೊಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಬಾರದು. ನಿಮ್ಮದು ಒಂದೂವರೆ ಎರಡು ಬಂದರೂ ಆಶ್ಚರ್ಯವಿಲ್ಲ. ಈಗ ಒಂದು ಮೊನೆಯನ್ನು ಬ್ಯಾಟರಿಯ ಲೈವ್ ಕಂಬದ ಮೇಲಿಟ್ಟು, ಇನ್ನೊಂದನ್ನು ಹೋಲ್ಡರಿನ ಆಚೆ ತುದಿ, ರಿಲೇಯ 30, 87, ಫ್ಯಾನಿನ ಕನೆಕ್ಟರ್ ಹೀಗೆ ಒಂದೊಂದೇ ಕಡೆ ಇಡುತ್ತ ಹೋಗಿ. ಮೀಟರ್ ಎಲ್ಲಿ ಜಿಗಿಯಿತೋ ಅಲ್ಲಿ ದೋಷ. ಅರ್ಥ್ ಕಡೆಯನ್ನೂ ಹಾಗೇ ಬ್ಯಾಟರಿಯ ಇನ್ನೊಂದು ಕಂಬದಿಂದ ಅಳೆಯಿರಿ.

ತಗಡಿನ ತೆಳು ಕ್ಲಿಪ್ಪಿನ ಹೋಲ್ಡರ್ ಬದಲು ದಪ್ಪ ವೈರು ಮೊದಲೇ ಜೋಡಿಸಿ ಬರುವ ಬ್ಲೇಡ್ ಫ್ಯೂಸಿನ ಹೋಲ್ಡರ್ ಹಾಕಿಸಿ. ವೈರುಗಳನ್ನು ತಿರುಚಿ ಟೇಪು ಸುತ್ತಿದ ಜೋಡಣೆಗಳಿದ್ದರೆ ಬಿಚ್ಚಿ, ಲಗ್ ಹಾಕಿ ಕ್ರಿಂಪ್ ಮಾಡಿಸಿ. ಕರಗಿದ ಹೋಲ್ಡರಿನ ಪಕ್ಕದ ವೈರು ಒಳಗೆ ಕಪ್ಪಾಗಿರುತ್ತದೆ. ತಾಮ್ರ ಹೊಳೆಯುವವರೆಗೆ, ಒಂದೆರಡು ಇಂಚಾದರೂ, ಕತ್ತರಿಸಿ ತೆಗೆದ ಮೇಲೆಯೇ ಹೊಸ ಲಗ್ ಹಾಕಿ.